ಕರ್ನಾಟಕದ ಚಿತ್ರಕಾರರು: ರಾಮನಗರ ಸೀಮೆಯಿಂದ ಒಂದು ಸಮೀಕ್ಷೆ

ಕರ್ನಾಟಕದ ಚಿತ್ರಕಾರರ ಪಟ್ಟಿ ಮಾಡಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಯಾರನ್ನು ಸೇರಿಸಬೇಕು ಎಂಬುದು. ಅರಮನೆಯ ಗೋಡೆಗೆ ಬಣ್ಣ ಹಚ್ಚಿದವರು, ತೊಗಲಿನ ಮೇಲೆ ರಾವಣನನ್ನು ಬರೆದವರು, ಮರದ ಬೊಂಬೆಗೆ ಕಣ್ಣು ಬಿಡಿಸಿದವರು, ಕ್ಯಾಲೆಂಡರು, ವಾರಪತ್ರಿಕೆ, ದಿನಪತ್ರಿಕೆಗಳಿಗೆ ದುಡಿದವರು, ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದವರು ಎಲ್ಲರೂ ಚಿತ್ರಕಾರರೇ. ಒಬ್ಬರೇ ಎರಡು ಮೂರು ಕೆಲಸ ಮಾಡಿದ್ದೂ ಉಂಟು. ಇವರಲ್ಲಿ ಕೆಲವರ ಹೆಸರು ಉಳಿಯಿತು, ಬಹುಪಾಲು ಜನರದು ಉಳಿಯಲಿಲ್ಲ. ಹೆಸರು ಉಳಿದದ್ದು ಹೇಗೆ, ಉಳಿಯದೆ ಹೋದದ್ದು ಏಕೆ ಎಂದು ನೋಡಿದರೆ ಈ ಕಲೆಯ ಚರಿತ್ರೆ ಹೆಚ್ಚು ಸ್ಪಷ್ಟವಾಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಬೆಂಗಳೂರು ಮತ್ತು ಮೈಸೂರು ಎಂಬ ಎರಡು ಕಲಾಕೇಂದ್ರಗಳ ನಡುವಿನ ಸೀಮೆ ಇದು. ಕಲಾಶಾಲೆಗಳೂ ಪತ್ರಿಕಾ ಕಚೇರಿಗಳೂ ಆ ಎರಡು ಊರುಗಳಲ್ಲಿದ್ದವು. ಇಲ್ಲಿ ಇದ್ದದ್ದು ಬಂಡೆ, ಬೊಂಬೆ, ಅರಗು, ರೇಷ್ಮೆ. ಆದರೂ ಚಿತ್ರ ಬರೆಯುವವರು ಇಲ್ಲಿಗೆ ಮತ್ತೆ ಮತ್ತೆ ಬಂದಿದ್ದಾರೆ.

ಯುದ್ಧದ ಜೊತೆ ಬಂದ ಚಿತ್ರಗಳು

ಈ ಸೀಮೆಯ ಬೆಟ್ಟಗಳು ಕಾಗದದ ಮೇಲೆ ಅಚ್ಚಾಗಿ ದೂರದ ದೇಶ ಸೇರಿದ್ದು ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ. ಮಾಗಡಿ ಬಳಿಯ ಸಾವನದುರ್ಗ 1791ರ ಡಿಸೆಂಬರ್ 21ರಂದು ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಏಕಶಿಲೆಯ ಆ ದೈತ್ಯ ಬೆಟ್ಟವನ್ನು ಹತ್ತಲು ಸಾಧ್ಯವೇ ಇಲ್ಲ ಎಂಬ ಮಾತಿದ್ದುದರಿಂದ ಆ ಗೆಲುವಿನ ಚಿತ್ರಕ್ಕೆ ಇಂಗ್ಲೆಂಡಿನಲ್ಲಿ ಭಾರಿ ಬೇಡಿಕೆ ಹುಟ್ಟಿತು. ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ವೃತ್ತಿಪರ ಚಿತ್ರಕಾರ 1794ರಲ್ಲಿ ಲಂಡನ್ನಿನಲ್ಲಿ ಮೈಸೂರು ಸೀಮೆಯ ಆಯ್ದ ನೋಟಗಳ ಸಂಪುಟ ಹೊರತಂದ. ಸಾವನದುರ್ಗ ಅದರಲ್ಲಿದೆ. ಸೈನಿಕರೇ ಆಗಿದ್ದ ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಕೂಡ ಅದೇ ಹೊತ್ತಿಗೆ ಇಂಥ ಪುಸ್ತಕ ಮಾಡಿದರು. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನು ಬರೆದಿಟ್ಟಿದ್ದ ಮೈಸೂರು ದೃಶ್ಯಗಳು 1805ರ ಸುಮಾರಿಗೆ ಬೆಳಕು ಕಂಡವು.

ಇವು ಸಮೀಕ್ಷೆಯ ಕಣ್ಣಿನಿಂದ ಬರೆದವು. ಎಲ್ಲಿ ಏರಬಹುದು, ಎಲ್ಲಿ ಫಿರಂಗಿ ನಿಲ್ಲಿಸಬಹುದು ಎಂಬ ಲೆಕ್ಕಾಚಾರ ಬಂಡೆಯ ಪ್ರತಿ ಬಿರುಕಿನಲ್ಲೂ ಕಾಣುತ್ತದೆ. ಗಿಡ, ದನ, ದಾರಿಹೋಕರು ಮುಂಭಾಗದಲ್ಲಿ ಅಲಂಕಾರಕ್ಕೆ ನಿಂತಿರುತ್ತಾರೆ. ಕರ್ನಾಟಕದ ಭೂದೃಶ್ಯವನ್ನು ಅದಕ್ಕಾಗಿಯೇ ಬರೆದ ಚಿತ್ರಗಳ ಮೊದಲ ದೊಡ್ಡ ಗುಂಪು ಇದು ಎಂಬುದನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ನಮ್ಮವರಿಗೆ ಬೆಟ್ಟ ಎಂದರೆ ದೇವರ ಹಿನ್ನೆಲೆ. ಬೆಟ್ಟವನ್ನೇ ವಸ್ತುವಾಗಿ ಬರೆಯುವ ಕನ್ನಡಿಗ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹೆಸರಿಲ್ಲದವರು

ಅದೇ ಕಾಲದಲ್ಲಿ, ಅದೇ ಊರುಗಳಲ್ಲಿ ರಾತ್ರಿ ದೀಪದ ಮುಂದೆ ತೊಗಲುಬೊಂಬೆ ಕುಣಿಯುತ್ತಿತ್ತು. ಬೊಂಬೆ ಆಡಿಸುವ ಕಿಳ್ಳೇಕ್ಯಾತರೇ ಅದನ್ನು ಬರೆಯುವವರು. ಹದಮಾಡಿ ಪಾರದರ್ಶಕವಾಗಿಸಿದ ತೊಗಲಿನ ಮೇಲೆ ಕಪ್ಪು ಗೆರೆ, ಕೆಂಪು, ಹಸಿರು. ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಹೊಡೆದರೆ ದೀಪದ ಬೆಳಕು ಅಲ್ಲಿಂದ ತೂರಿ ಬಂದು ಮುತ್ತಿನಂತೆ ಹೊಳೆಯುತ್ತದೆ. ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶ ಬರೆಯುವುದು, ಉದಾಹರಣೆಗೆ ರಥ, ಕುದುರೆ, ಸಾರಥಿ, ಅರ್ಜುನ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೂಡಿಸುವುದು, ಕರ್ನಾಟಕದ ತೊಗಲುಬೊಂಬೆಯ ವಿಶೇಷ. ಕಥೆಯನ್ನು ಚೌಕಗಳಾಗಿ ಕತ್ತರಿಸಿ ಒಂದಾದ ಮೇಲೊಂದು ತೋರಿಸುವ ಚಿತ್ರಕಥೆಯ ಬುದ್ಧಿ ಇಲ್ಲಿ ಆಗಲೇ ಇತ್ತು. ಎಚ್.ಎಲ್. ನಾಗೇಗೌಡರು ಕಟ್ಟಿ, 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದ ಸಂಗ್ರಹದಲ್ಲಿ ಇಂಥ ಬೊಂಬೆಗಳನ್ನು ನೋಡಬಹುದು. ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಬೆಳೆಸಿದ ಎಂ.ಎಸ್. ನಂಜುಂಡರಾಯರು ಹಳ್ಳಿ ಸುತ್ತಿ ತೊಗಲುಬೊಂಬೆ ಕೂಡಿಹಾಕಿ, ಅವುಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. ಬೊಂಬೆ ಬರೆದವರ ಹೆಸರು ಮಾತ್ರ ಬೊಂಬೆಯ ಮೇಲೆ ಎಲ್ಲೂ ಇಲ್ಲ.

ಚನ್ನಪಟ್ಟಣದ ಕಥೆಯೂ ಇದೇ. ಇಲ್ಲಿ ಬಣ್ಣ ಹಚ್ಚಲು ಕುಂಚ ಬೇಕಿಲ್ಲ. ಆಲೆ ಮರದ ತುಂಡು ಲೇತ್ ಯಂತ್ರದ ಮೇಲೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆ ಜಾತಿಯ ಎಲೆಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಪಟ್ಟೆಗಳ ಅಗಲ, ಹಳದಿ ಎಲ್ಲಿ ನಿಂತು ಕೆಂಪು ಎಲ್ಲಿ ಶುರುವಾಗಬೇಕು ಎಂಬುದೆಲ್ಲ ಕೈಯ ಅಂದಾಜು. ಕುಂಚ ಬರುವುದು ಕೊನೆಗೆ, ಕಣ್ಣು, ಹುಬ್ಬು, ಬಾಯಿ ಬಿಡಿಸಲು. ಈ ಕಸುಬಿಗೆ ಟಿಪ್ಪುವಿನ ಕಾಲದ ಮೂಲ ಹೇಳುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರ ಕಲಿತು ಬಂದು ಇಲ್ಲಿಯವರಿಗೆ ಕಲಿಸಿದ ಬಾವಾಸ್ ಮಿಯಾನ್ ಅವರದು ಈ ಊರು ನೆನಪಿಟ್ಟಿರುವ ಒಂದು ಹೆಸರು. ಉಳಿದ ಸಾವಿರಾರು ಕೈಗಳಿಗೆಲ್ಲ ಸೇರಿ ಸಿಕ್ಕಿದ್ದು 2005–06ರ ಭೌಗೋಳಿಕ ಸೂಚಿಕೆ. ಅಲ್ಲಿ ನೋಂದಾಯಿತವಾದ ಹೆಸರು ಊರಿನದು. ಬೊಂಬೆ ಮಾಡಿದವರು ಯಾರೆಂದು ಅಂಗಡಿಯವರಿಗೂ ಹೇಳಲಾಗುವುದಿಲ್ಲ.

ಮೈಸೂರು ಅರಮನೆ, ಆಮೇಲೆ ವೆಂಕಟಪ್ಪ

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲೂ ಸಹಿ ಇರುವುದು ಅಪರೂಪ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಈ ಶೈಲಿ ಹದಕ್ಕೆ ಬಂತು. ಅವರ ಶ್ರೀತತ್ತ್ವನಿಧಿ ದೇವತಾ ರೂಪಗಳ ಬೃಹತ್ ಸಚಿತ್ರ ಕೋಶ. ಹುಣಸೆ ಕಡ್ಡಿಯ ಇದ್ದಿಲಿನಿಂದ ಮೊದಲ ಗೆರೆ, ಅಳಿಲಿನ ಕೂದಲಿನ ಸಣ್ಣ ಕುಂಚ, ಒಡವೆ ವಸ್ತ್ರದ ಅಂಚಿಗೆ ಮಕ್ಕಿ ಸಫೇದ ಎಂಬ ಲೇಪದ ತೆಳುವಾದ ಉಬ್ಬು, ಅದರ ಮೇಲೆ ಚಿನ್ನದ ರೇಕು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಮಣಿಗಳ ಆಡಂಬರ ಹೆಚ್ಚು. ಮೈಸೂರಿನವರು ಗೆರೆಯನ್ನು ನಂಬಿದರು. 20ನೆಯ ಶತಮಾನದ ಅರಮನೆಗೆ ಬೇಕಾದದ್ದು ಬೇರೆ. ಕಲ್ಯಾಣಮಂಟಪದ ಗೋಡೆಗೆ ದಸರಾ ಮೆರವಣಿಗೆ ಬರೆಯಲು ಕೆ. ಕೇಶವಯ್ಯ ಮೊದಲಾದವರು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ತೈಲವರ್ಣದಲ್ಲಿ ಕೆಲಸ ಮಾಡಿದರು.

ಹೆಸರಿನ ವಿಷಯದಲ್ಲಿ ದೊಡ್ಡ ತಿರುವು ತಂದವರು ಕೆ. ವೆಂಕಟಪ್ಪ (1886–1965). ಆಸ್ಥಾನಕ್ಕೆ ದುಡಿದ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸ್ ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಅದರ ರಾಮಾಯಣ ಭಾಗಕ್ಕೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು. ಆಧುನಿಕ ಕರ್ನಾಟಕದ ಮೊದಲ ಪ್ರಸಿದ್ಧ ಚಿತ್ರಕಾರರ ಹೆಸರು ಹೊರದೇಶದಲ್ಲಿ ಅಚ್ಚಾದದ್ದು ಪುಸ್ತಕದ ಪುಟದಲ್ಲಿ ಎಂಬುದನ್ನು ನಮ್ಮ ಕಲಾವಿಮರ್ಶೆ ಅಷ್ಟಾಗಿ ಗಮನಿಸಿಲ್ಲ.

ಊರಿಗೆ ಮರಳಿದ ಮೇಲೆ 1920ರ ದಶಕದಲ್ಲಿ ಅವರು ಊಟಿಯ ಮಂಜು, ಮೋಡ, ಬೆಳದಿಂಗಳನ್ನು ಜಲವರ್ಣದಲ್ಲಿ ಹಿಡಿದರು. ಮನುಷ್ಯರಿಲ್ಲದ, ದೇವರಿಲ್ಲದ, ಕಥೆಯಿಲ್ಲದ ಬೆಟ್ಟಗಳು ಅವು. ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಶಿಲ್ಪ ಮಾಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಮದುವೆಯಾಗಲಿಲ್ಲ, ದಿನಚರಿಯಲ್ಲಿ ಕಾಸಿನ ಖರ್ಚನ್ನೂ ಬರೆದಿಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ತಮ್ಮ ಕೆಲಸದ ಸಂಭಾವನೆಯ ವಿಚಾರದಲ್ಲಿ ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ಹಿರಿಯರ ಕಾಲದಲ್ಲಿ ಇದು ಊಹಿಸಲೂ ಆಗದ ಸಂಗತಿ. ಅರಮನೆ ಕೊಟ್ಟದ್ದು ಪ್ರಸಾದ ಎನ್ನುತ್ತಿದ್ದ ಮನೆತನದ ಮಗ, ಕೆಲಸಕ್ಕೆ ಇಂತಿಷ್ಟು ಬೆಲೆ, ಅದನ್ನು ಹೇಳುವವನು ಕಲಾವಿದ ಎಂದರು. ನನ್ನ ಮಟ್ಟಿಗೆ ಅವರ ಊಟಿ ಚಿತ್ರಗಳಷ್ಟೇ ದೊಡ್ಡ ಕೊಡುಗೆ ಈ ಹಟವೂ ಹೌದು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಅವರ ಕೃತಿಗಳ ಮನೆ. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಪ್ರಸ್ತಾವ ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದರು. ಆ ಹಟ ಇನ್ನೂ ಆರಿಲ್ಲ.

ಶಾಲೆಗಳು, ತೋಟಗಳು

ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ತೆರೆದರು. ಉತ್ತರದಲ್ಲಿ ಗದಗಿನ ಟಿ.ಪಿ. ಅಕ್ಕಿ, ಧಾರವಾಡದ ಡಿ.ವಿ. ಹಾಲಭಾವಿ ಮುಂಬೈಯ ಜೆ.ಜೆ. ಶಾಲೆಯ ಶಿಸ್ತನ್ನು ತಂದರು. ಆರ್.ಎಂ. ಹಡಪದರು 1960ರ ದಶಕದ ಕೊನೆಯಲ್ಲಿ ಕಟ್ಟಿದ ಕೆನ್ ಕಲಾಶಾಲೆ, ನಂಜುಂಡರಾಯರ ಚಿತ್ರಕಲಾ ಪರಿಷತ್ತು ಇವುಗಳಿಂದ ಮುಂದಿನ ತಲೆಮಾರು ಬಂತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ (1911–1996) ಮುಂಬೈಯಲ್ಲಿ ನೆಲೆಸಿ ದೇಶದ ಮುಂಚೂಣಿ ಕಲಾವಿದರಾದರು. ತೈಲವರ್ಣಗಳಿಗಿಂತ ನೃತ್ಯ, ವಾದ್ಯಗಳ ಅವರ ರೇಖಾಚಿತ್ರಗಳೇ ಕನ್ನಡ ಓದುಗರಿಗೆ ಹತ್ತಿರ. ಕೈ ಎತ್ತದೆ ಎಳೆದಂತಿರುವ ಒಂದೆರಡು ಗೆರೆಯಲ್ಲಿ ಇಡೀ ದೇಹದ ಚಲನೆ ಬರುತ್ತದೆ. ದೊಡ್ಡಬಳ್ಳಾಪುರದ ರುಮಾಲೆ ಚೆನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟಗಾರರು, ತಾಯಿನಾಡು ಪತ್ರಿಕೆಯಲ್ಲಿ ದುಡಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮರದ ಬುಡದಲ್ಲೇ ಕೂತು ಬರೆದರು. ಅವರ ಚಿತ್ರದ ಎಷ್ಟೋ ಮರಗಳು ಈಗ ರಸ್ತೆ ಅಗಲೀಕರಣಕ್ಕೆ ಹೋಗಿವೆ.

ಕನಕಪುರ ರಸ್ತೆಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ರಷ್ಯದಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ (1904–1993), ಚಿತ್ರನಟಿ ದೇವಿಕಾರಾಣಿಯವರನ್ನು 1945ರಲ್ಲಿ ಮದುವೆಯಾಗಿ, ಮುಂದೆ ಈ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದರು. 468 ಎಕರೆಯ ತೋಟ, ಸುಗಂಧ ತೈಲದ ಮರಗಳು, ನಡುವೆ ಚಿತ್ರಶಾಲೆ. ನೆಹರೂ ಅವರ ಭಾವಚಿತ್ರ ಬರೆದ ಈ ಕಲಾವಿದ ಚಿತ್ರಕಲಾ ಪರಿಷತ್ತಿಗೆ ತಮ್ಮ ಮತ್ತು ತಂದೆ ನಿಕೊಲಾಯ್ ರೋರಿಕ್ ಅವರ ಕೃತಿಗಳನ್ನು ಕೊಟ್ಟರು. ಹಿಮಾಲಯದ ನೀಲಿಯನ್ನು ತಂದೆ ಹಚ್ಚಿಕೊಂಡಿದ್ದರೆ ಮಗನ ಚಿತ್ರಗಳಲ್ಲಿ ದಕ್ಷಿಣದ ಕೆಮ್ಮಣ್ಣು, ಹೊಲದ ಹೆಂಗಸರು, ಸಂಜೆಯ ಉರಿಬಣ್ಣ ಬಂದವು. ದಂಪತಿ ತೀರಿಕೊಂಡ ಮೇಲೆ ತೋಟದ ಒಡೆತನದ ಜಗಳ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಯಿತು. ಸರ್ಕಾರ 1996ರ ಕಾಯ್ದೆಯ ಮೂಲಕ ಅದನ್ನು ವಶಪಡಿಸಿಕೊಂಡದ್ದು ಸರಿ ಎಂದು 2011ರಲ್ಲಿ ತೀರ್ಪು ಬಂತು. ಆಸ್ತಿಯ ಹಕ್ಕಿನ ಬಗ್ಗೆ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಪ್ರಕರಣ ಅದು.

ಅಚ್ಚಿನ ಚಿತ್ರಕಾರರು

ಹಳ್ಳಿ ಮನೆಯ ಗೋಡೆಗೆ ತಲುಪಿದ್ದು ಗ್ಯಾಲರಿಯ ಚಿತ್ರವಲ್ಲ, ಕ್ಯಾಲೆಂಡರು. ಅದರ ಮೇರು ಕಲಾವಿದರಲ್ಲಿ ಒಬ್ಬರು ಕಲಬುರಗಿಯ ಎಸ್.ಎಂ. ಪಂಡಿತ್ (1916–1993). ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಫಿಲ್ಮ್‌ಇಂಡಿಯಾ ಪತ್ರಿಕೆಯ ಚಿತ್ರ, ಆಮೇಲೆ ಪುರಾಣದ ಕ್ಯಾಲೆಂಡರುಗಳಿಗೆ ಕೈ ಹಾಕಿದರು. ಅವರ ದೇವರುಗಳಿಗೆ ಸಿನಿಮಾ ತಾರೆಯ ಮೈಕಟ್ಟು, ಸಿನಿಮಾ ದೀಪದ ಬೆಳಕು. ಕ್ಯಾಲೆಂಡರು ಕಲೆ ಎಂದು ಮೂಗು ಮುರಿಯುವವರು ಅವರ ಮೈಬಣ್ಣದ ಹದವನ್ನೊಮ್ಮೆ ಹತ್ತಿರದಿಂದ ನೋಡಬೇಕು.

ಮಕ್ಕಳ ಲೋಕಕ್ಕೆ ಎಂ.ಟಿ.ವಿ. ಆಚಾರ್ಯ. ಮದರಾಸಿನ ಚಂದಮಾಮ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಎರಡು ವರ್ಷದಲ್ಲಿ ಕನ್ನಡಕ್ಕೂ ಬಂತು. ಮೈಸೂರಿನ ಆಚಾರ್ಯರು 1950ರ ದಶಕದಲ್ಲಿ ಅದರ ಮುಖಪುಟಕ್ಕೆ ಮಹಾಭಾರತವನ್ನು ತಿಂಗಳು ತಿಂಗಳೂ ಬರೆದರು. ಭೀಮನ ತೋಳು ಹೇಗಿತ್ತು, ದ್ರೌಪದಿಯ ಸಿಟ್ಟು ಹೇಗಿತ್ತು ಎಂದು ಒಂದು ತಲೆಮಾರಿನ ಕನ್ನಡ ಮಕ್ಕಳಿಗೆ ತೋರಿಸಿಕೊಟ್ಟವರು ಅವರು. ಚಿತ್ರದ ಮೂಲೆಯಲ್ಲಿ ಅವರ ಸಹಿ ಇರುತ್ತಿತ್ತು, ಮಕ್ಕಳು ಅದನ್ನೂ ಓದುತ್ತಿದ್ದರು. ಮುಂದೆ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನ ತೆರೆದು ಅಂಚೆಯ ಮೂಲಕ ಪಾಠ ಕಳಿಸಿದರು. ಕಲಾಶಾಲೆ ಇಲ್ಲದ ಊರಿನ ಹುಡುಗರು ಮನಿಯಾರ್ಡರ್ ಮಾಡಿ ಚಿತ್ರ ಕಲಿಯಬಹುದಾಗಿತ್ತು.

ವಾರಪತ್ರಿಕೆಗಳದು ಇನ್ನೊಂದು ದಾರಿ. 1965ರಲ್ಲಿ ಬಂದ ಸುಧಾ, ಆಮೇಲಿನ ಮಯೂರ, 1983ರ ತರಂಗ ಇವುಗಳಲ್ಲಿ ಕಥೆ, ಧಾರಾವಾಹಿಗೆ ಚಿತ್ರ ಕಡ್ಡಾಯ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್, ಗುಜ್ಜಾರ್ ಮೊದಲಾದವರು ಈ ಪುಟಗಳಿಂದ ಮನೆಮಾತಾದರು. ಕಥೆ ಕೈಗೆ ಬಂದ ದಿನವೇ ಓದಿ, ಅಚ್ಚಿನ ಹೊತ್ತಿಗೆ ಚಿತ್ರ ಮುಗಿಸುವ ಕೆಲಸ. ಕಪ್ಪು ಶಾಯಿಯೊಂದರಲ್ಲೇ ಮಳೆ, ಬೇಸಗೆ, ವಿಧವೆಯ ಮೌನ ಎಲ್ಲ ಬರಬೇಕು. ಚಂದ್ರನಾಥರು ಈ ಕೆಲಸದ ಜೊತೆಯಲ್ಲೇ ಸ್ವತಂತ್ರ ಚಿತ್ರಕಾರರಾಗಿಯೂ ಬೆಳೆದರು, ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಪತ್ರಿಕೆಯ ಪುಟದ ಹೊರಗೆ ವೇದಿಕೆಯನ್ನೇ ಪುಟ ಮಾಡಿಕೊಂಡವರು ಬಿ.ಕೆ.ಎಸ್. ವರ್ಮ (1949–2023). ಅವಧಾನಿ ಪದ್ಯ ಕಟ್ಟುತ್ತಿರುವಾಗಲೇ, ಗಾಯಕರು ಹಾಡುತ್ತಿರುವಾಗಲೇ ಸಭೆಯ ಮುಂದೆ ಚಿತ್ರ ಮುಗಿಸುತ್ತಿದ್ದರು.

ಚಿತ್ರಕಥೆಯಲ್ಲಿ ಮಾತ್ರ ಕನ್ನಡ ಹಿಂದೆ ಬಿತ್ತು. ವಿಚಿತ್ರವೆಂದರೆ ಆರಂಭ ಇಲ್ಲಿಂದಲೇ ಆಯಿತು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಹತ್ತು ಸಚಿತ್ರ ಪುಸ್ತಕಗಳು ಅಮರ ಚಿತ್ರಕಥೆ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಹೊರಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929–2011) ಅದನ್ನು ಮುಂಬೈಯಲ್ಲಿ ಪುರಾಣ, ಇತಿಹಾಸದ ಮಾಲೆಯಾಗಿ ಬೆಳೆಸಿದರು. ರಾಮ್ ವಾಯಿರ್‌ಕರ್ ಚಿತ್ರ ಬರೆದ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಂದದ್ದು ಆ ಹತ್ತು ಕನ್ನಡ ಪುಸ್ತಕಗಳ ದೆಸೆಯಿಂದ. ಆದರೆ ಚಿತ್ರ ಬರೆಯುವ ಕೆಲಸವೆಲ್ಲ ಮುಂಬೈಯ ಕಲಾವಿದರ ಪಾಲಾಯಿತು. ಕನ್ನಡ ಮಕ್ಕಳು ಓದಿದ್ದು ಸುಧಾದ ಫ್ಯಾಂಟಮ್, ಇಂದ್ರಜಾಲ ಕಾಮಿಕ್ಸ್, ಬಾಲಮಂಗಳದ ಡಿಂಗ. ಡಿಂಗನೂ ಕೇರಳದಿಂದ ಬಂದವನು.

ಇದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ ಎಂಬುದಕ್ಕೆ ಫಿಲಿಪೀನ್ಸ್ ಒಳ್ಳೆಯ ಹೋಲಿಕೆ. 1884ರಲ್ಲಿ ಮ್ಯಾಡ್ರಿಡ್‌ನಲ್ಲಿ ಚಿನ್ನದ ಪದಕ ಗೆದ್ದ ಚಿತ್ರಕಾರ ಹುವಾನ್ ಲೂನಾನ ನಾಡು ಅದು. ಅಲ್ಲಿ ದೇಶಭಾಷೆಯಲ್ಲಿ ಅಗ್ಗದ ಚಿತ್ರಕಥಾ ಪತ್ರಿಕೆಗಳ ದೊಡ್ಡ ಉದ್ಯಮವೇ ಬೆಳೆಯಿತು. ಪುಟಕ್ಕೆ ಇಷ್ಟು ಎಂಬ ಕೂಲಿ ಸಿಕ್ಕಿತು. ಆ ಗರಡಿಯಲ್ಲಿ ಪಳಗಿದ ಟೋನಿ ಡೆಝೂನಿಗ, ನೆಸ್ಟರ್ ರೆಡೊಂಡೊ, ಆಲ್ಫ್ರೆಡೊ ಅಲ್ಕಾಲಾ, ಅಲೆಕ್ಸ್ ನಿನ್ಯೊ 1970ರ ದಶಕದಲ್ಲಿ ಅಮೆರಿಕದ ಕಾಮಿಕ್ಸ್ ಪುಟಗಳನ್ನು ತುಂಬಿದರು. ಕನ್ನಡದಲ್ಲಿ ಅಂಥ ಕೂಲಿ ಇರಲಿಲ್ಲ. ಇದ್ದದ್ದು ಪತ್ರಿಕಾ ಕಚೇರಿಯ ಸಂಬಳ, ಅದಕ್ಕೆ ತಕ್ಕಂತೆ ಪ್ರತಿಭೆ ಅತ್ತ ಹರಿಯಿತು.

ವ್ಯಂಗ್ಯಚಿತ್ರ

ಆ ಸಂಬಳದ ಕೆಲಸದಲ್ಲೇ ಕನ್ನಡಿಗರು ದೇಶಕ್ಕೆ ದೊಡ್ಡವರಾದರು. ವೈದ್ಯರಾಗಿದ್ದ ರಾಶಿ (ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ಕೊರವಂಜಿ ನಗೆಪತ್ರಿಕೆಗೆ ಮೈಸೂರಿನ ಕಾಲೇಜು ಹುಡುಗನೊಬ್ಬ ಚಿತ್ರ ಬರೆಯುತ್ತಿದ್ದ. ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೂ ‘ದಿ ಹಿಂದೂ’ ಪತ್ರಿಕೆಯಲ್ಲಿ ಅವನದೇ ಚಿತ್ರ. ಜೆ.ಜೆ. ಶಾಲೆ ಅವನ ಅರ್ಜಿಯನ್ನು ತಿರಸ್ಕರಿಸಿತ್ತು. ಆರ್.ಕೆ. ಲಕ್ಷ್ಮಣ್ (1921–2015) ಮುಂಬೈಯ ಟೈಮ್ಸ್ ಆಫ್ ಇಂಡಿಯಾ ಸೇರಿ 1951ರಿಂದ ದಿನವೂ ಬರೆದ ‘ಯು ಸೆಡ್ ಇಟ್’ ಚೌಕದ ಶ್ರೀಸಾಮಾನ್ಯ, ಚೌಕುಳಿ ಕೋಟು ತೊಟ್ಟು ಅರ್ಧ ಶತಮಾನ ಮಾತಾಡದೆ ನಿಂತ. ಏಷ್ಯನ್ ಪೇಂಟ್ಸ್‌ನ ಗಟ್ಟು ಹುಡುಗನೂ ಲಕ್ಷ್ಮಣರ ಕೂಸೇ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದ ರೇಖಾಚಿತ್ರಗಳೂ ಅವರವೇ. 1984ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಫಿಲಿಪೀನ್ಸ್‌ನಿಂದ.

ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್‌ನ ಬಿ.ವಿ. ರಾಮಮೂರ್ತಿ ತಮ್ಮ ‘ಮಿಸ್ಟರ್ ಸಿಟಿಜನ್’ ಮೂಲಕ ರಾಜ್ಯ ರಾಜಕಾರಣದ ದಿನವಹಿ ಇಟ್ಟರು. ಗಂಡಸರೇ ತುಂಬಿದ್ದ ಈ ಕ್ಷೇತ್ರಕ್ಕೆ ಮಾಯಾ ಕಾಮತ್ (1951–2001) ಬಂದರು. ಗೃಹಿಣಿಯ ಬದುಕಿನ ಪಟ್ಟಿಚಿತ್ರದಿಂದ ಶುರುಮಾಡಿ ರಾಜಕೀಯ ವ್ಯಂಗ್ಯಚಿತ್ರಕ್ಕೆ ನಡೆದರು. ಐವತ್ತಕ್ಕೇ ತೀರಿಕೊಂಡದ್ದು ದೊಡ್ಡ ನಷ್ಟ. ಪ್ರಜಾವಾಣಿಯಲ್ಲಿದ್ದ ಪಿ. ಮಹಮದ್, ಕುಂದಾಪುರದಲ್ಲೇ ಕೂತು ದೇಶಕ್ಕೆಲ್ಲ ಬರೆಯುವ ಸತೀಶ್ ಆಚಾರ್ಯ ಈ ಸಾಲನ್ನು ಮುಂದುವರಿಸಿದವರು. ವಿ.ಜಿ. ನರೇಂದ್ರ ಅವರ ಪ್ರಯತ್ನದಿಂದ 2001ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಹುಟ್ಟಿತು. 2007ರಲ್ಲಿ ಅದಕ್ಕೆ ತನ್ನದೇ ಗ್ಯಾಲರಿಯಾಯಿತು.

ಬಂಡೆಗಳ ನಡುವೆ ಮತ್ತೆ

ರಾಮನಗರದ ಬಂಡೆಗಳು ಸಾಮಾನ್ಯ ಜನರ ಕಣ್ಣಲ್ಲಿ ಉಳಿದದ್ದು ಸಿನಿಮಾದಿಂದ. 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯ ರಾಮಗಢ ಎಂಬ ಇಡೀ ಹಳ್ಳಿಯನ್ನು ಇಲ್ಲಿ ಕಟ್ಟಿಸಿದವರು ಕಲಾ ನಿರ್ದೇಶಕ ರಾಮ್ ಯೇಡೇಕರ್. ಗಬ್ಬರ್ ಸಿಂಗನ ಬಂಡೆ ಯಾವುದೆಂದು ಊರಿನ ಹುಡುಗರೂ ತೋರಿಸುತ್ತಾರೆ, ಯೇಡೇಕರ್ ಹೆಸರು ಕೇಳಿದವರು ಕಡಿಮೆ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಡೇವಿಡ್ ಲೀನ್ ಸಾವನದುರ್ಗಕ್ಕೆ ಬಂದರು. ಫಾರ್ಸ್ಟರನ ಕಾದಂಬರಿಯ ಮರಬಾರ್ ಗುಹೆಗಳಿಗೆ ಬೇಕಾದ ಬಾಯಿಗಳನ್ನು ಬಂಡೆಯಲ್ಲಿ ಕೃತಕವಾಗಿ ಮಾಡಿಕೊಂಡರು. ಹೋಮ್‌ನ ಅಚ್ಚುಚಿತ್ರಕ್ಕೂ ಈ ಸಿನಿಮಾಕ್ಕೂ ನಡುವೆ 190 ವರ್ಷ. ಎರಡರಲ್ಲೂ ಬಂಡೆ ಮಾಗಡಿಯದು, ಕಥೆ ಬೇರೆಯವರದು.

ಇತ್ತ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು 2004ರಿಂದ ಪ್ರತಿ ವರ್ಷ ಚಿತ್ರಸಂತೆ ನಡೆಸುತ್ತಿದೆ. ಪಾದಚಾರಿ ಮಾರ್ಗದ ಮೇಲೆ ಚಿತ್ರ ಹರಡಿಕೊಂಡು ಕಲಾವಿದರೇ ಕೂರುತ್ತಾರೆ. ಮೈಸೂರು ಶೈಲಿಯ ಚಿನ್ನದ ರೇಕಿನ ಕೃಷ್ಣ, ಅಮೂರ್ತ ಕ್ಯಾನ್ವಾಸು, ಹತ್ತು ನಿಮಿಷದಲ್ಲಿ ನಿಮ್ಮದೇ ಮುಖದ ವ್ಯಂಗ್ಯಚಿತ್ರ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕೊಳ್ಳುವವರು ಬೆಲೆ ಕೇಳಿ ಚೌಕಾಸಿಗಿಳಿಯುತ್ತಾರೆ. ಮಾರುವವರು ಹಣ ಎಣಿಸಿಕೊಳ್ಳುವ ಮುನ್ನ ಮೂಲೆಯಲ್ಲಿ ಸಹಿ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ.